ಬೀದರು ಎಲ್ಲಿಗೂ ಓಡಿಹೋಗುವುದಿಲ್ಲ

ದಾರಿ ಗೊತ್ತಿದ್ದರೂ ದಾರಿ ಕೇಳುವುದು ನಮ್ಮ ದೊಡ್ಡಪ್ಪನ ಚಟ. ಚಿತ್ರದುರ್ಗದಿಂದ ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದಗಳ ಮೇಲೆ ಬಿಜಾಪುರಕ್ಕೆ ಹೋಗುವ ರಸ್ತೆ ಆಗ 13ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಅದರ ಮೇಲೆ ದಾರಿ ತಪ್ಪಬೇಕೆಂದರೆ ಹಟ ಹಿಡಿದೇ ತಪ್ಪಬೇಕು. ಆದರೂ ಬೇವಿನ ಮರದಡಿ ಯಾರಾದರೂ ಕೂತಿದ್ದು ಕಂಡರೆ ಸಾಕು, ಅಂಬಾಸಿಡರ್ ಕಾರು ನಿಂತೇ ಬಿಡುತ್ತಿತ್ತು. “ಬಿಜಾಪುರಕ್ಕೆ ಹೀಗೇ ತಾನೇ ಸ್ವಾಮಿ?” ಎಂದು ಶುರುವಾದ ಮಾತು ಈ ಸಲದ ಮಳೆ, ಶೇಂಗಾ ಬೆಲೆ, ಆತನ ಕಿರಿಯ ಮಗಳ ಲಗ್ನದವರೆಗೆ ಹೋಗಿ, ಎರಡು ಕಡೆಯ ನಮಸ್ಕಾರಗಳಲ್ಲಿ ಮುಗಿಯುತ್ತಿತ್ತು. ಬಿಜಾಪುರ ಎಷ್ಟು ದೂರ ಎಂದು ಮಾತ್ರ ಇಬ್ಬರಿಗೂ ಮರೆತಿರುತ್ತಿತ್ತು.

ದೊಡ್ಡಪ್ಪ ತುಮಕೂರಿನಲ್ಲಿ ಚರಿತ್ರೆಯ ಮೇಷ್ಟ್ರು. ಬಹಮನಿ ಸುಲ್ತಾನರ ಪಾಠ ಮಾಡುತ್ತ ತಲೆ ನರೆತಿತ್ತೇ ಹೊರತು ಬೀದರನ್ನು ಕಣ್ಣಾರೆ ಕಂಡಿರಲಿಲ್ಲ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಅದರ ಮೂರು ಅಂತಸ್ತು, ಉಳಿದಿರುವ ಒಂದೇ ಮಿನಾರು, ಅದರ ಮೈಗೆ ಇನ್ನೂ ಅಂಟಿಕೊಂಡಿರುವ ಬಣ್ಣದ ಹೆಂಚಿನ ಚೂರುಗಳು, ಇವನ್ನೆಲ್ಲ ನಿನ್ನೆ ತಾನೇ ಮುಟ್ಟಿ ಬಂದವರ ಹಾಗೆ ಹೇಳುತ್ತಿದ್ದರು. ತೊಂಬತ್ತರ ದಶಕದ ಒಂದು ದಸರಾ ರಜೆಯಲ್ಲಿ ಕೊನೆಗೂ ಹೊರಟರು. ಕಾರು ಸ್ನೇಹಿತರದ್ದು, ಭಾನುವಾರ ಸಂಜೆಗೆ ಹಿಂದಿರುಗಿಸಬೇಕು. ಹೊರಟದ್ದು ದೊಡ್ಡಪ್ಪ, ದೊಡ್ಡಮ್ಮ, ಕಾಲೇಜಿನ ಹುಡುಗನಾದ ನಾನು, ಜೊತೆಗೆ ಒಂದು ಡಬ್ಬಿ ಚಕ್ಕುಲಿ.

ದುರ್ಗದಲ್ಲಿ ಓಬವ್ವನ ಕಿಂಡಿ ನೋಡಿದೆವು, ಹಂಪಿಯಲ್ಲಿ ಬಿಸಿಲು ತಿಂದೆವು. ಅವುಗಳ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಮ್ಮ ಪ್ರವಾಸಕ್ಕೆ ತಿರುವು ಸಿಕ್ಕಿದ್ದು ಇಳಕಲ್ಲಿನಲ್ಲಿ.

ಅಲ್ಲಿಯೂ ದೊಡ್ಡಪ್ಪ ದಾರಿ ಕೇಳಿದರು. ಕೇಳಿಸಿಕೊಂಡಾತ ನೇಕಾರ. “ಚಾ ಕುಡದು ಹೋಗ್ರಿ” ಎಂದು ಮನೆಯೊಳಗೇ ಕರೆದೊಯ್ದ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಆತನ ತಂದೆ ಮಗ್ಗ ನಿಲ್ಲಿಸಿ ದೊಡ್ಡಮ್ಮನಿಗೆ ನೇಯ್ಗೆಯ ಗುಟ್ಟು ತೋರಿಸಿದರು. ಸೀರೆಯ ಮೈಯ ಹಾಸೇ ಬೇರೆ, ರೇಷ್ಮೆ ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆ ಕೂಡು ಎಲ್ಲಿದೆ ಎಂದು ದೊಡ್ಡಮ್ಮ ಬೆರಳಾಡಿಸಿ ಹುಡುಕಿದರು. ಆಮೇಲೆ ಕೆಂಪು ಸೆರಗಿನ, ಗಿಳಿಹಸಿರು ಮೈಯ ಸೀರೆಯೊಂದನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡಪ್ಪನ ಮುಖ ನೋಡಿದರು.

“ಬರುವಾಗ ತಗೊಳ್ಳೋಣ ಕಣೇ” ಎಂದರು ದೊಡ್ಡಪ್ಪ.

ಕಾರು ಹೊರಟ ಮೇಲೆ ದೊಡ್ಡಮ್ಮ ನನ್ನ ಕೈಯಿಂದ ನಕ್ಷೆ ಈಸಿಕೊಂಡರು. ಬರುವ ದಾರಿ ಬೀದರಿನಿಂದ ರಾಯಚೂರು, ಬಳ್ಳಾರಿಯ ಮೇಲೆ. ಇಳಕಲ್ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅಲ್ಲಿಂದ ಮೌನ. ಅಮೀನಗಡದಲ್ಲಿ ಕರದಂಟು ಕೊಂಡು ನನಗೆ ಕೊಟ್ಟರು, ಪೆಟ್ರೋಲ್ ಬಂಕಿನ ಹುಡುಗನಿಗೂ ಕೊಟ್ಟರು, ಸ್ಟೀರಿಂಗ್ ಹಿಡಿದವರಿಗೆ ಮಾತ್ರ ಇಲ್ಲ. “ಕಿಟಕಿ ಏರಿಸೋಕೆ ಹೇಳೋ ನಿಮ್ಮ ದೊಡ್ಡಪ್ಪನಿಗೆ” ಎಂಬಂಥ ಸಂದೇಶಗಳನ್ನು ಒಂದು ಮೊಳ ದೂರಕ್ಕೆ ಸಾಗಿಸುವ ಅಂಚೆಯವನ ಕೆಲಸ ನನ್ನ ಪಾಲಿಗೆ ಬಂತು.

ಐಹೊಳೆಗೆ ದಾರಿ ಕೇಳಿದಾಗ ಬಿಳಿ ಟೋಪಿಯ ಮುದುಕರೊಬ್ಬರು ಉತ್ತರ ಕೊಡುವ ಬದಲು ಮುಂದಿನ ಬಾಗಿಲು ತೆಗೆದು ಕೂತರು. “ನಡೀರಿ, ತೋರಸ್ತೀನಿ.” ಮಾತಿಗೆ ಹಸಿದಿದ್ದ ದೊಡ್ಡಪ್ಪನಿಗೆ ಹಬ್ಬವಾಯಿತು. ಮೇಗುತಿಯ ಶಾಸನ 634ರದ್ದು, ಬರೆದವನು ರವಿಕೀರ್ತಿ. ದುರ್ಗದ ಗುಡಿಗೆ ಆ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಕೋಟೆಯಿಂದ ಬಂದದ್ದು. ಹೀಗೆ ಪಾಠ ನಡೆಯಿತು. ಮುದುಕರು ಎಲ್ಲಕ್ಕೂ “ಹೌದ್ರಿ ಹೌದ್ರಿ” ಎಂದು ತಲೆದೂಗಿದರು. ಐಹೊಳೆ ನೋಡಿಯಾದ ಮೇಲೂ ಇಳಿಯಲಿಲ್ಲ. ಪಟ್ಟದಕಲ್ಲು ಬಂದಾಗ, “ನಮ್ಮ ಮಗಳ ಮನಿ ಇಲ್ಲೇ ಐತ್ರಿ” ಎಂದು ಇಳಿದು, ದೊಡ್ಡಮ್ಮನ ಕಡೆ ತಿರುಗಿ, “ನಿಮ್ಮ ಯಜಮಾನ್ರು ಭಾಳ ಚಲೋ ಮಾತಾಡ್ತಾರ ನೋಡ್ರಿ” ಎಂದು ಹೋದರು. ದೊಡ್ಡಮ್ಮ ಕಿಟಕಿಯಾಚೆ ನೋಡಿದರು.

ಆ ಸೀಮೆಯಲ್ಲಿ ಮುನಿಸು ಮರೆಯುವುದೂ ಸುಲಭವಿರಲಿಲ್ಲ. ಹೊಲದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಬಾವಿಕಟ್ಟೆಯಲ್ಲಿ ಎಲ್ಲಿ ನೋಡಿದರೂ ಇಳಕಲ್ಲಿನ ಕೆಂಪು ಸೆರಗು. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಕಾಳುಪಲ್ಯ, ಗಡಿಗೆಯ ಮೊಸರು ಬಡಿಸುತ್ತಿದ್ದ ಅಜ್ಜಿಯೂ ಉಟ್ಟಿದ್ದು ಅದನ್ನೇ. ದೊಡ್ಡಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿದರು.

ಬಿಜಾಪುರ ಬಂತು. ಗೋಳಗುಮ್ಮಟ ಮೊಹಮ್ಮದ್ ಆದಿಲ್‌ಶಾಹನ ಗೋರಿ, 1656ರ ಕಾಲದ್ದು. ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಗುಮ್ಮಟದ ಒಳಸುತ್ತಿನ ಪಡಸಾಲೆ. ನಡುವೆ ಒಂದೂ ಕಂಬವಿಲ್ಲದ ಸುಮಾರು 38 ಮೀಟರ್ ಅಗಲದ ಬಯಲು. ಈ ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಬದಿಯ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಶಾಲೆಯ ಮಕ್ಕಳ ಕೇಕೆ ಏಳೆಂಟು ಸಲ ಮರುದನಿಗೊಂಡು, ಅವರು ಇಳಿದುಹೋದ ಮೇಲೆ ತುಸು ಅಡಗಿತು. ದೊಡ್ಡಮ್ಮ ಆ ಬದಿಯಲ್ಲಿ ಕಾಲು ನೀವಿಕೊಳ್ಳುತ್ತ ಗೋಡೆಗೊರಗಿ ಕೂತಿದ್ದರು. ದೊಡ್ಡಪ್ಪ ಅತ್ತಿತ್ತ ನೋಡಿ ಗೋಡೆಗೆ ಮುಖವಿಟ್ಟು ಮೆಲ್ಲಗೆ ಹೇಳಿದರು: “ಇವಳೇ, ಬೀದರ್ ನೋಡ್ಕೊಂಡು ಇಳಕಲ್ ಮೇಲೇ ಬರೋಣ. ಸೀರೆ ಕೊಡಿಸ್ತೀನಿ ಕಣೇ.”

ಗೋಡೆ ಕ್ಷಣ ಹೊತ್ತು ಸುಮ್ಮನಿತ್ತು. ಆಮೇಲೆ ಗಡುಸಾದ ಗಂಡು ದನಿಯೊಂದು ಬಂತು: “ಬೀದರ ಎಲ್ಲೂ ಓಡಿ ಹೋಗಂಗಿಲ್ರೀ ಸರ. ಮೊದ್ಲ ಸೀರಿ ಕೊಡಸ್ರಿ.”

ಸುತ್ತ ಗೋಡೆಗೆ ಕಿವಿಯಿಟ್ಟವರೆಲ್ಲ ನಕ್ಕರು. ಆ ನಗೆಯೂ ಏಳೆಂಟು ಸಲ ಸುತ್ತಿತು. ಹೇಳಿದವನು ಯಾರೆಂದು ಹುಡುಕಿದರೆ ಪ್ರತಿಯೊಬ್ಬನೂ ತಾನಲ್ಲವೆನ್ನುವ ಮುಖ ಮಾಡಿಕೊಂಡಿದ್ದ. ದೊಡ್ಡಮ್ಮನ ಭುಜ ಮಾತ್ರ ಕುಲುಕುತ್ತಿತ್ತು. ಅಳುತ್ತಿದ್ದಾರೇನೋ ಎಂದು ಗಾಬರಿಯಿಂದ ಓಡಿದೆ; ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಕಾರನ್ನು ಬೀದರಿನ ಕಡೆಗೆ ತಿರುಗಿಸಲಿಲ್ಲ. ನೂರು ಕಿಲೋಮೀಟರಿಗೂ ಮಿಕ್ಕ ದೂರ ಹಿಂದಕ್ಕೆ ಬಂದು, ಅದೇ ಮಗ್ಗದ ಮನೆಯ ಮುಂದೆ ನಿಲ್ಲಿಸಿದರು, ಈ ಸಲ ಯಾರನ್ನೂ ಕೇಳದೆ. ಗಿಳಿಹಸಿರಿನ ಸೀರೆ ಇನ್ನೂ ಅಲ್ಲಿಯೇ ಇತ್ತು. ಭಾನುವಾರಕ್ಕೆ ಉಳಿದದ್ದು ಊರು ಸೇರುವಷ್ಟೇ ಹೊತ್ತು. ಚಳ್ಳಕೆರೆಯ ಬಯಲು ಕಾಣುವವರೆಗೂ ಮುಂದಿನ ರಜೆಗೆ ಬೀದರು ಎಂದು ಲೆಕ್ಕ ಹಾಕುತ್ತಲೇ ಬಂದರು, ಕರದಂಟು ಮೆಲ್ಲುತ್ತ.

ಮುಂದಿನ ರಜೆಗೆ ಮಗಳ ಮದುವೆ ಬಂತು, ಅದರ ಮುಂದಿನದಕ್ಕೆ ಮನೆ ಕಟ್ಟುವುದು, ಆಮೇಲೆ ಮಂಡಿನೋವು. ಕೊನೆಯ ವರ್ಷಗಳಲ್ಲೂ ಮೊಮ್ಮಕ್ಕಳಿಗೆ ಗವಾನನ ಮದರಸಾದ ಅಂತಸ್ತುಗಳನ್ನು ಬೆರಳು ಮಡಿಸಿ ಎಣಿಸಿ ತೋರಿಸುತ್ತಿದ್ದರು. ಅವರಿಲ್ಲದೆ ಈಗ ಬಹಳ ಕಾಲವಾಯಿತು.

ಮೊನ್ನೆ ನಾನು ಕೆಲಸದ ಮೇಲೆ ಬೀದರಿಗೆ ಹೊರಟಿದ್ದೆ. ಮೊಬೈಲಿನ ಹೆಣ್ಣು ದನಿಯೇ ದಾರಿ ಹೇಳುತ್ತದೆ, ನಾಲ್ಕು ಪಥದ ರಸ್ತೆ ಊರುಗಳನ್ನು ಬಗಲಿಗೆ ಸರಿಸಿ ಓಡುತ್ತದೆ, ಕೇಳೋಣವೆಂದರೂ ಬೇವಿನ ಮರದಡಿ ನಿಲ್ಲಿಸುವಂತಿಲ್ಲ. ಹೇಳಿ ಹೋಗೋಣವೆಂದು ದೊಡ್ಡಮ್ಮನ ಮನೆಗೆ ಹೋದರೆ, ಅದೇ ಸೀರೆ ಉಟ್ಟುಕೊಂಡಿದ್ದರು. ಗಿಳಿಹಸಿರು ಮಾಸಿದೆ, ಸೆರಗಿನ ಕೆಂಪು ಗಟ್ಟಿಯಾಗಿದೆ.

“ಬಿಜಾಪುರದ ಮೇಲೆ ಹೋಗ್ತೀಯೇನೋ?”

“ಹೌದು ದೊಡ್ಡಮ್ಮ.”

“ಗುಮ್ಮಟದಲ್ಲಿ ಮಾತಾಡಿದ್ನಲ್ಲ, ಆ ಮಹಾರಾಯ ಸಿಕ್ಕಿದ್ರೆ ಒಂದು ಮಾತು ಕೇಳು.”

“ಏನಂತ?”

“ಸೀರೆ ತಾನೇ ಎಲ್ಲಿಗೆ ಓಡಿಹೋಗ್ತಿತ್ತು ಅಂತ.”