ಮುಖ ತೋರಿಸದ ಕಂಪ್ಯೂಟರ್

ವಾಡಿಯ ನಮ್ಮ ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಹತ್ತು ವರ್ಷಕ್ಕೂ ಮೇಲೆ ವಯಸ್ಸಾಗಿದೆ. ಅದರ ಕೀಲಿಗಳ ನಡುವೆ ಕೂತ ಧೂಳಿನಲ್ಲಿ ಅರ್ಧ ನಮ್ಮೂರಿನ ಸಿಮೆಂಟೇ ಇರಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಹೋದರೆ ಈ ಯಂತ್ರಕ್ಕೆ ಆ ಯೋಗ್ಯತೆ ಇಲ್ಲವೆಂಬ ಉತ್ತರ ಬಂತು. ಹೊಸದನ್ನು ಕೊಳ್ಳುವ ಮಾತು ಮನೆಯಲ್ಲಿ ಎತ್ತುವಂತಿರಲಿಲ್ಲ. ಶಹಾಬಾದಿನಲ್ಲಿ ಡಿಪ್ಲೊಮಾ ಓದುತ್ತಿರುವ ತಂಗಿಯ ಮಗ, "ಮಾಮು, ಲಿನಕ್ಸ್ ಹಾಕಿಬಿಡೋಣ. ಒಂದು ಪೈಸೆ ಖರ್ಚಿಲ್ಲ, ಕದ್ದ ಮಾಲೂ ಅಲ್ಲ" ಎಂದ. ಕದ್ದ ಮಾಲು ಎಂಬ ಮಾತು ನಮಗೆ ಸ್ವಲ್ಪ ಚುಚ್ಚಿತು. ಹಿಂದಿನ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಅದನ್ನೇ ಇಟ್ಟುಕೊಂಡು ನೀತಿಯ ಕತೆಗಳನ್ನು ಬರೆದವರು ನಾವು.

ಒಂದು ಭಾನುವಾರ ಅವನು ಪೆನ್‌ಡ್ರೈವಿನಲ್ಲಿ ಡೆಬಿಯನ್ ಎಂಬ ಲಿನಕ್ಸನ್ನು ತಂದ. ಮೊದಲ ಪುಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದ್ದದ್ದನ್ನು ಕಂಡು ಖುಷಿಯಾಯಿತು. ಆದರೆ ಹುಡುಗ ಇಂಗ್ಲಿಷನ್ನೇ ಒತ್ತಿದ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಯಂತ್ರವನ್ನು ಮತ್ತೆ ಶುರು ಮಾಡಿದರೆ ಚಿತ್ರವಿಲ್ಲ, ಬಣ್ಣವಿಲ್ಲ, ಬಾಣದ ಗುರುತೂ ಇಲ್ಲ. ಕಪ್ಪು ಪರದೆಯ ಮೂಲೆಯಲ್ಲಿ 'ಲಾಗಿನ್' ಎಂಬ ಒಂದೇ ಪದ. ಅದರ ಪಕ್ಕದಲ್ಲಿ ಮಿಣುಕುವ ಒಂದು ಗೆರೆ. ಹೆಸರು ಬರೆದೆವು. ಪಾಸ್‌ವರ್ಡ್ ಕೇಳಿತು. ಒತ್ತಿದರೆ ಅಕ್ಷರವೂ ಮೂಡಲಿಲ್ಲ, ಚುಕ್ಕಿಯೂ ಮೂಡಲಿಲ್ಲ. ಕೀಲಿಮಣೆಯೂ ಕೆಟ್ಟಿತು ಎಂದುಕೊಂಡೆವು. ಹುಡುಗನ ಮುಖ ಸಣ್ಣದಾಯಿತು. ಸಂಜೆಯ ಗಾಡಿಗೆ ಅವನು ಶಹಾಬಾದಿಗೆ ಹೊರಟುಹೋದ.

ನಮ್ಮ ಹೆದರಿಕೆಗೆ ಕಾರಣ ಯಂತ್ರವಲ್ಲ, ಅದರ ಡಿಸ್ಕಿನಲ್ಲಿದ್ದ ಎರಡು ಫೋಲ್ಡರುಗಳು. ಒಂದರಲ್ಲಿ ನಾವು 'ನುಡಿ'ಯಲ್ಲಿ ಟೈಪು ಮಾಡಿದ್ದ ಹಳೆಯ ಕತೆಗಳು. ಅವು ಹೋದರೆ ಕನ್ನಡ ಸಾಹಿತ್ಯಕ್ಕೆ ಅಂಥ ನಷ್ಟವೇನಿಲ್ಲ. ಇನ್ನೊಂದರಲ್ಲಿ ಅಬ್ಬಾ ಉರ್ದುವಿನಲ್ಲಿ ಬರೆದ ನೆನಪುಗಳು. ಸೇಡಂನ ಉರ್ದು ಶಾಲೆಯಲ್ಲಿ ಮೇಷ್ಟರಾಗಿದ್ದ ಅವರು ನಿವೃತ್ತಿಯ ನಂತರ ನಾಲ್ಕು ನೋಟುಬುಕ್ಕು ತುಂಬಿಸಿದ್ದರು. ಮದುವೆಯ ಕಾರ್ಡುಗಳನ್ನು ಕೈಯಲ್ಲಿ ಬರೆಯುತ್ತಿದ್ದ ಶಹಾಬಾದಿನ ಕಾತಿಬರೊಬ್ಬರು, ಕೈಬರಹದ ಕೆಲಸ ನಿಂತ ಮೇಲೆ ಕಂಪ್ಯೂಟರ್ ಕಲಿತು, ಅವನ್ನು 'ಇನ್‌ಪೇಜ್' ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ಕೂರಿಸಿಕೊಟ್ಟಿದ್ದರು. ಅಬ್ಬಾ 2012ರಲ್ಲಿ ತೀರಿಕೊಂಡರು. ನೋಟುಬುಕ್ಕುಗಳಿಗೆ ಗೆದ್ದಲು ಹಿಡಿಯಿತು. ಉಳಿದಿದ್ದು ಈ ಡಿಸ್ಕಿನಲ್ಲಿದ್ದದ್ದು ಮಾತ್ರ. ಇನ್ನೊಂದು ಪ್ರತಿ ಮಾಡಿಡಬೇಕೆಂದು ಪ್ರತಿ ರಂಜಾನಿಗೂ ನೆನಪಾಗುತ್ತಿತ್ತು, ಈದ್ ಮುಗಿದ ಮೇಲೆ ಮರೆತುಹೋಗುತ್ತಿತ್ತು.

ಮರುದಿನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಚಿತ್ತಾಪುರದ ರಿಪೇರಿ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ಕಪ್ಪು ಪರದೆಯನ್ನು ಒಂದು ಸಲ ನೋಡಿ, "ಸಾಹೇಬರೇ, ಪೂರಾ ಫಾರ್ಮ್ಯಾಟ್ ಮಾಡಬೇಕು, ಸಂಜೆಗೆ ಬನ್ನಿ" ಎಂದ. ಒಳಗಿರುವುದರ ಗತಿ ಏನೆಂದು ಕೇಳಿದೆವು. "ಒಳಗೆ ಏನೂ ಇಲ್ಲ, ಎಲ್ಲಾ ಹೋಗಿದೆ" ಎಂದು ಚಹಾದ ಲೋಟ ಕೈಗೆತ್ತಿಕೊಂಡ. ಅಷ್ಟು ನಿಶ್ಚಿಂತೆಯಿಂದ ಹೇಳಿದವನ ಮಾತನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಯಂತ್ರವನ್ನು ವಾಪಸು ಚೀಲಕ್ಕೆ ಸೇರಿಸಿದೆವು.

ಆ ರಾತ್ರಿ ಚಿಂಚೋಳಿಗೆ ಫೋನ್ ಮಾಡಿದೆವು. ಅಕ್ಕನ ಮಗಳು ಅಲ್ಲಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಮನೆಯೊಳಗೆ ಸಿಗ್ನಲ್ ನಿಲ್ಲುವುದಿಲ್ಲವೆಂದು ಮಾಳಿಗೆ ಹತ್ತಿ ಮಾತಾಡಿದಳು. "ಮಾಮು, ಮೊದಲು ಗಾಬರಿ ಬಿಡಿ. ಪಾಸ್‌ವರ್ಡ್ ಕಾಣಿಸುವುದಿಲ್ಲ, ಅದರ ಪದ್ಧತಿಯೇ ಹಾಗೆ. ಒತ್ತಿ, ಎಂಟರ್ ಕೊಡಿ." ಕೊಟ್ಟೆವು. ಯಂತ್ರ ಒಳಗೆ ಬಿಟ್ಟುಕೊಂಡಿತು.

ಅವಳು ತಿಳಿಸಿದ್ದನ್ನು ನಮಗೆ ಅರ್ಥವಾದಷ್ಟು ಹೇಳುತ್ತೇವೆ. ವಿಂಡೋಸ್ ಬಳಸಿದವರು ಪರದೆಯ ಮೇಲಿನ ಚಿತ್ರಗಳೇ ಕಂಪ್ಯೂಟರ್ ಎಂದುಕೊಂಡಿರುತ್ತಾರೆ. ಲಿನಕ್ಸಿನಲ್ಲಿ ಕೆಲಸ ಮಾಡುವ ತಿರುಳು ಬೇರೆ, ಮುಖ ಬೇರೆ. ತಿರುಳನ್ನು ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದ. ಕಿಟಕಿಗಳನ್ನು ಬಿಡಿಸುವ 'ಎಕ್ಸ್' ಎಂಬ ವ್ಯವಸ್ಥೆ ಅದಕ್ಕೂ ಮೊದಲೇ, 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ ಹುಟ್ಟಿತ್ತು. ಅದರ ಮೇಲೆ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಹೀಗೆ ಬೇರೆ ಬೇರೆ ಮುಖಗಳನ್ನು ಬೇರೆ ಬೇರೆ ಜನ ಕಟ್ಟಿದರು. ಬೇಕಾದ್ದನ್ನು ಹಾಕಿಕೊಳ್ಳಬಹುದು, ಏನನ್ನೂ ಹಾಕಿಕೊಳ್ಳದೆಯೂ ಇರಬಹುದು. ಜಗತ್ತಿನ ಎಷ್ಟೋ ದೊಡ್ಡ ಸರ್ವರುಗಳು ಮುಖವೇ ಇಲ್ಲದೆ ದುಡಿಯುತ್ತವೆ.

ನಮ್ಮ ಹುಡುಗ ತಂದದ್ದು ಡೆಬಿಯನ್ನಿನ ಚಿಕ್ಕ ಪ್ರತಿ. ಬುನಾದಿ ಮಾತ್ರ ಪೆನ್‌ಡ್ರೈವಿನಲ್ಲಿರುತ್ತದೆ, ಉಳಿದದ್ದನ್ನು ಸ್ಥಾಪಿಸುವಾಗ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ. ನಡುವೆ ಅವನ ಫೋನಿನ ಆ ದಿನದ ಡೇಟಾ ಮುಗಿದಿತ್ತು. 'ಜಾಲದ ಭಂಡಾರವಿಲ್ಲದೆ ಮುಂದುವರಿಯಲೇ' ಎಂಬರ್ಥದ ಪ್ರಶ್ನೆಗೆ ಹೌದೆಂದು ಒತ್ತಿಬಿಟ್ಟಿದ್ದ. ಬುನಾದಿ ನಿಂತಿತು, ಮನೆ ಕಟ್ಟಲಿಲ್ಲ. ಕೆಟ್ಟದ್ದೇನೂ ಇರಲಿಲ್ಲ. ತಮಾಷೆಯೆಂದರೆ, ಯಾವ ಸ್ಥಿತಿಯಲ್ಲಿ ಶುರುವಾಗಬೇಕೆಂದುಕೊಂಡಿದ್ದೀಯೆ ಎಂದು ಕೇಳುವ ಆಜ್ಞೆ ಕೊಟ್ಟಾಗ ಯಂತ್ರ 'ಗ್ರಾಫಿಕಲ್' ಎಂದೇ ಉತ್ತರಿಸಿತು. ಮುಖ ತೋರಿಸುವ ಇರಾದೆ ಅದಕ್ಕೂ ಇತ್ತು, ಮುಖ ಇರಲಿಲ್ಲ ಅಷ್ಟೆ.

"ಮೊದಲು ನಾನಾನ ಬರಹ ಇದೆಯಾ ನೋಡೋಣ" ಎಂದಳು. ಡಿಸ್ಕಿನ ಇನ್ನೊಂದು ಭಾಗವನ್ನು ತೆರೆಯುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು. ಬೆರಳಲ್ಲಿ ಒಂದೊಂದನ್ನೇ ಒತ್ತಿದೆವು. ಹೆಸರುಗಳ ಪಟ್ಟಿ ಬಂತು. ಇಂಗ್ಲಿಷ್ ಹೆಸರಿನವು ಸರಿಯಾಗಿ ಕಂಡವು. ಕನ್ನಡ, ಉರ್ದು ಹೆಸರಿನವು ಇದ್ದ ಜಾಗದಲ್ಲಿ ಬರೀ ಚೌಕಗಳು, ಒಂದರ ಪಕ್ಕದಲ್ಲೊಂದು, ಶಹಾಬಾದಿ ಫರಸಿ ಹಾಸಿದಂತೆ. ನಮ್ಮ ಎದೆ ಮತ್ತೆ ಧಸಕ್ಕೆಂದಿತು. ಅವಳು ನಕ್ಕಳು. ಆ ಕಪ್ಪು ಪರದೆಯಲ್ಲಿ ಒಮ್ಮೆಗೆ ಹೆಚ್ಚೆಂದರೆ 512 ಆಕೃತಿಗಳಿಗೆ ಮಾತ್ರ ಜಾಗವಂತೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡಬಲ್ಲದೇ ಹೊರತು, ಒಂದರ ಕೆಳಗೆ ಇನ್ನೊಂದನ್ನು ಕೂರಿಸಲು ಅದಕ್ಕೆ ಬಾರದು.

ಈ ಮಾತು ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. 'ಸ್ತ್ರೀ' ಎಂದು ಬರೆದರೆ ಯಂತ್ರದ ನೆನಪಿನಲ್ಲಿರುವುದು ಸ, ತ, ರ ಮತ್ತು ದೀರ್ಘ ಈಕಾರದ ಸಂಕೇತಗಳು, ನಡುನಡುವೆ ಅವನ್ನು ಕೂಡಿಸುವ ಒಂದು ಗುರುತು. ತಕಾರವನ್ನು ಒತ್ತಾಗಿಸಿ ಕೆಳಗೆ ಇಳಿಸಬೇಕು, ರಕಾರವನ್ನು ಅದರ ಪಕ್ಕ ಸುತ್ತಬೇಕು. ಉರ್ದುವಿನ ಅಕ್ಷರವಂತೂ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. ನಸ್ತಾಲೀಖ್ ಶೈಲಿಯಲ್ಲಿ ಇಡೀ ಪದ ಬಲದಿಂದ ಎಡಕ್ಕೆ ಇಳಿಜಾರಿನಲ್ಲಿ ಜಾರಬೇಕು. ಈ ಜೋಡಣೆಯನ್ನು ಲಿನಕ್ಸಿನ ಡೆಸ್ಕ್‌ಟಾಪಿನಲ್ಲಿ ಮಾಡುವ ತಂತ್ರಾಂಶದ ಹೆಸರು ಹರ್ಫ್‌ಬಾಜ್. ಫಾರಸಿಯ 'ಹರ್ಫ್' ಎಂದರೆ ಅಕ್ಷರ, 'ಬಾಜ್' ಎಂದರೆ ತೆರೆದದ್ದು. ಇರಾನಿನಲ್ಲಿ ಹುಟ್ಟಿದ ಬೆಹದಾದ್ ಇಸ್ಫಹಬೋದ್ ಅದನ್ನು ಬೆಳೆಸಿ 'ಓಪನ್ ಟೈಪ್' ಎಂಬ ಇಂಗ್ಲಿಷ್ ಹೆಸರಿನ ಅನುವಾದವನ್ನೇ ಅದಕ್ಕೆ ಇಟ್ಟರು. ಬಸವಣ್ಣನವರ ವಚನಕ್ಕೂ ಗಾಲಿಬನ ಶೇರಿಗೂ ಅಕ್ಷರ ಕೂರಿಸುವವನು ಒಬ್ಬನೇ ಕಾತಿಬ! ಶಹಾಬಾದಿನ ನಮ್ಮ ಕಾತಿಬರಿಗೆ ಇದು ತಿಳಿದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ.

ಅಬ್ಬಾ ಬರೆದದ್ದರಲ್ಲಿ ನಮಗೆ ತುಂಬ ನೆನಪಿರುವುದು ದಾದಾನ ಭಾಗ. ದಾದಾ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ನಿಜಾಮರ ಆಡಳಿತದಲ್ಲಿ ಕಚೇರಿಯ ಕಾಗದಪತ್ರ ಉರ್ದುವಿನಲ್ಲಿ. 1948ರ ನಂತರ ಉರ್ದು ಹಿಂದೆ ಸರಿಯತೊಡಗಿತು. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ಕನ್ನಡ ಆಡುತ್ತಿದ್ದ ದಾದಾನಿಗೆ ಕನ್ನಡದ ಲಿಪಿ ಬರುತ್ತಿರಲಿಲ್ಲ. ಕಂದಾಯದ ಲೆಕ್ಕ, ಹೊಲಗಳ ಸರಹದ್ದು, ಯಾವ ನಂಬರಿನ ಜಮೀನು ಯಾರ ಹೆಸರಿನಲ್ಲಿದೆ ಎಂಬುದೆಲ್ಲ ಬಾಯಿಪಾಠ. ಆದರೂ ಹೊಸ ಕಾಗದ ಎದುರಿಗೆ ಬಂದರೆ ತಲೆ ತಗ್ಗಿಸಿ ಕೂರುತ್ತಿದ್ದರಂತೆ. ಹದಿನಾರು ವರ್ಷದ ಅಬ್ಬಾ ರಾತ್ರಿ ಕಂದೀಲಿನ ಬೆಳಕಿನಲ್ಲಿ ಕನ್ನಡದ ಒತ್ತಕ್ಷರ ಕಲಿತು ತಮ್ಮ ಅಬ್ಬಾನಿಗೆ ಓದಿ ಹೇಳುತ್ತಿದ್ದರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಇರುವುದು ಅದೇ ಸೇಡಂ ತಾಲೂಕಿನಲ್ಲಿ. 'ಕವಿರಾಜಮಾರ್ಗ'ದ ಊರಿನ ಪಕ್ಕದಲ್ಲಿ ಕೂತು ಕನ್ನಡ ಓದಲು ಬಾರದವನಾದೆ ಎಂದು ದಾದಾ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರಂತೆ.

ಉಳಿದ ಕೆಲಸ ಎರಡು ರಾತ್ರಿ ಹಿಡಿಯಿತು. ಫೋನಿನ ಜಾಲವನ್ನು ಕೇಬಲ್ಲಿನಿಂದ ಯಂತ್ರಕ್ಕೆ ಕೊಟ್ಟೆವು. ಆದರೂ ತಂತ್ರಾಂಶ ಇಳಿಯಲೊಲ್ಲದು. ಎಲ್ಲಿಂದ ತರಬೇಕೆಂಬ ವಿಳಾಸದ ಕಡತದಲ್ಲಿ ಪೆನ್‌ಡ್ರೈವಿನ ಹೆಸರು ಮಾತ್ರ ಇತ್ತು. ಅದನ್ನು ತೆಗೆದು ಡೆಬಿಯನ್ನಿನ ಭಂಡಾರದ ವಿಳಾಸ ಬರೆದೆವು. ಒಂದು ಚುಕ್ಕಿ ತಪ್ಪಿದ್ದಕ್ಕೆ ಅರ್ಧ ಗಂಟೆ ಹೋಯಿತು. ಆಮೇಲೆ 'ಟಾಸ್ಕ್‌ಸೆಲ್' ಎಂಬ ಆಜ್ಞೆ ಕೊಟ್ಟು, ಬಂದ ಪಟ್ಟಿಯಲ್ಲಿ ಎಕ್ಸ್‌ಎಫ್‌ಸಿಇ ಎದುರು ಗುರುತು ಹಾಕಿದೆವು. ಹಳೆಯ ಯಂತ್ರಕ್ಕೆ ಹಗುರವಾದದ್ದು ಸಾಕೆಂದು ಅವಳ ಸಲಹೆ. ಸಾಲುಗಳು ಮೇಲಕ್ಕೆ ಓಡುತ್ತಲೇ ಇದ್ದವು. ಅಮ್ಮಿ ಇಶಾ ನಮಾಜು ಮುಗಿಸಿ ಬಂದು ನೋಡಿ, "ಇನ್ನೂ ಇಂಗ್ಲಿಷೇ ಓಡ್ತಿದೆಯಲ್ಲ" ಎಂದು ಮಲಗಲು ಹೋದರು. ರಾತ್ರಿ ಒಂದೂವರೆಗೆ ಯಂತ್ರವನ್ನು ಮತ್ತೆ ಶುರು ಮಾಡಿದಾಗ ನೀಲಿ ಹಿನ್ನೆಲೆ, ಬಾಣದ ಗುರುತು ಕಂಡವು. ಫೋಲ್ಡರ್ ತೆರೆದರೆ ಚೌಕಗಳ ಜಾಗದಲ್ಲಿ ಕನ್ನಡ ಕನ್ನಡವಾಗಿತ್ತು, ಉರ್ದು ಉರ್ದುವಾಗಿತ್ತು.

ಹೆಸರು ಕಂಡಿತು, ಒಳಗಿನದು ಅಷ್ಟು ಸುಲಭವಾಗಿ ಸಿಗಲಿಲ್ಲ. ಹಳೆಯ ನುಡಿಯ ಕತೆಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡವು. ಆಗ ಬಳಸಿದ್ದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕೃತಿ ಹೊದಿಸಿದ ಅಕ್ಷರಶೈಲಿ. ಪರಿವರ್ತಕವೊಂದು ಅವನ್ನು ಬದಲಿಸಿಕೊಟ್ಟಿತು. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿದ್ದನ್ನು ನಾವೇ ತಿದ್ದುತ್ತಿದ್ದೇವೆ. ತಿದ್ದುವಾಗ ಕೆಲವು ಕತೆಗಳನ್ನು ಹಾಗೆಯೇ ಬಿಡಬಹುದಿತ್ತು ಎನ್ನಿಸುವುದುಂಟು. ಅಬ್ಬಾನ ಇನ್‌ಪೇಜ್ ಕಡತ ಲಿನಕ್ಸಿನಲ್ಲಿ ತೆರೆಯಲೇ ಇಲ್ಲ. ಪೆನ್‌ಡ್ರೈವಿನಲ್ಲಿ ಶಹಾಬಾದಿಗೆ ಒಯ್ದೆವು. ಕಾತಿಬರು ಈಗಿಲ್ಲ, ಅವರ ಮಗ ಅದೇ ಅಂಗಡಿಯಲ್ಲಿ ಬ್ಯಾನರು ಮಾಡುತ್ತಾರೆ. ಇನ್‌ಪೇಜಿನಲ್ಲಿ ತೆರೆದು ಯೂನಿಕೋಡಿಗೆ ಬದಲಿಸಿಕೊಟ್ಟರು. ಹಣ ಕೊಡಲು ಹೋದರೆ, "ನಮ್ಮ ಅಬ್ಬಾ ಕೂರಿಸಿದ್ದು" ಎಂದು ಕೈ ಹಿಂದೆ ಸರಿಸಿದರು.

ಈಗ ಅದರ ಮೂರು ಪ್ರತಿಗಳಿವೆ. ಒಂದು ವಾಡಿಯಲ್ಲಿ, ಒಂದು ಚಿಂಚೋಳಿಯಲ್ಲಿ, ಇನ್ನೊಂದು ಆ ಭಾನುವಾರ ಮುಖ ಸಣ್ಣದು ಮಾಡಿಕೊಂಡು ಹೋದ ಹುಡುಗನ ಬಳಿ. ನಸ್ತಾಲೀಖ್ ಅಕ್ಷರಶೈಲಿ ಹಾಕಿ, ಅಕ್ಷರ ದೊಡ್ಡದು ಮಾಡಿ ಅಮ್ಮಿಯ ಎದುರು ಇಟ್ಟೆವು. ಕನ್ನಡಕ ಒರೆಸಿಕೊಂಡು ಎರಡು ಪುಟ ಸದ್ದಿಲ್ಲದೆ ಓದಿದರು. ಮೂರನೆಯ ಪುಟದಲ್ಲಿ ಬೆರಳಿಟ್ಟು, "ಇದು ತಪ್ಪು. ನಮ್ಮ ನಿಕಾಹ್ ಆದದ್ದು ಜುಮ್ಮಾ ದಿನ ಅಲ್ಲ, ಗುರುವಾರ. ಅವರಿಗೆ ಆಗಲೂ ನೆನಪಿರುತ್ತಿರಲಿಲ್ಲ" ಎಂದರು. ತಿದ್ದಲೇ ಎಂದು ಕೇಳಿದೆವು. ಬೇಡ, ಹಾಗೇ ಇರಲಿ ಎಂದು ಪುಟ ತಿರುಗಿಸಲು ಹೇಳಿದರು.