ಬೇರೆ ಕೋಣೆಯ ಸಾಮಾನು

ಡೆಬಿಯನ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಗೆ ಒಡೆಯನೆಂಬವನಿಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಇದನ್ನು ಸ್ವಯಂಸೇವಕರೇ ಕಟ್ಟುತ್ತ ಬಂದಿದ್ದಾರೆ. ಅದರ ಉಗ್ರಾಣದ ಕ್ರಮ ನನಗೆ ಬಹಳ ಹಿಡಿಸಿತು. 1997ರಲ್ಲಿ ಅವರು ಮಾಡಿಕೊಂಡ ‘ಸಾಮಾಜಿಕ ಒಪ್ಪಂದ’ದಂತೆ, ಯಾರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶಕ್ಕೆ ಮಾತ್ರ ‘ಮೇನ್’ ವಿಭಾಗದಲ್ಲಿ ಜಾಗ. ಆ ಹಕ್ಕುಗಳಿಲ್ಲದ್ದು ‘ನಾನ್-ಫ್ರೀ’ಗೆ, ತಾನು ಮುಕ್ತವಾಗಿದ್ದೂ ಅಂಥದ್ದನ್ನು ನೆಚ್ಚಿಕೊಂಡದ್ದು ‘ಕಾಂಟ್ರಿಬ್’ಗೆ. (ಇದು ಬೆಲೆಯ ಮಾತಲ್ಲ, ಪುಕ್ಕಟೆ ಸಿಕ್ಕಿದ್ದೆಲ್ಲ ಮುಕ್ತವಲ್ಲ.)

ತೊಡಕು ಬಂದದ್ದು ಫರ್ಮ್‌ವೇರಿನಿಂದ. ನನ್ನ ಹಳೆಯ ಲ್ಯಾಪ್‌ಟಾಪಿನ ವೈ-ಫೈ ಚಿಪ್ಪಿಗೆ ಅದರ ತಯಾರಕರು ಕೊಡುವ ಮುಚ್ಚಿದ ಕಡತವೊಂದು ಬೇಕು. ಅದಿಲ್ಲದೆ ಇಂಟರ್‌ನೆಟ್ ಇಲ್ಲ. ಇಂಟರ್‌ನೆಟ್ ಇಲ್ಲದೆ ಆ ಕಡತವನ್ನು ತರುವುದೆಂತು? ಪೆನ್‌ಡ್ರೈವ್ ಹಿಡಿದು ನೆರೆಮನೆಗೆ ಹೋದೆ.

2022ರಲ್ಲಿ ಡೆಬಿಯನ್ ಬಳಗ ಮತ ಹಾಕಿ, ಒಪ್ಪಂದವನ್ನೇ ತಿದ್ದಿ, ಅಂಥ ಕಡತಗಳಿಗೆ ಅಧಿಕೃತ ಅನುಸ್ಥಾಪಕದಲ್ಲಿ ಎಡೆ ಕೊಟ್ಟಿತು. 2023ರ 12ನೆಯ ಆವೃತ್ತಿಯಲ್ಲಿ ಅವಕ್ಕೆ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪ್ರತ್ಯೇಕ ವಿಭಾಗವೇ ಬಂತು. ತತ್ವ ಬಿಟ್ಟರೆಂದು ಕೆಲವರ ದೂರು. ನನಗೆ ಹಾಗನಿಸದು. ಬೇಡವೆನ್ನುವವರು ಮೊದಲಿಗೇ ತಡೆಯಬಹುದು. ಮುಕ್ತವಲ್ಲವೆಂಬುದು ಹೆಸರಿನಲ್ಲೇ ಇದೆ. ನನ್ನ ಚಿಪ್ಪಿನ ಒಳಗುಟ್ಟು ಮಾತ್ರ ತಯಾರಕರ ಕೈಯಲ್ಲೇ ಉಳಿಯಿತು.