ಕನ್ನಡದ ಹೆಸರು ಹೊತ್ತ ಮೀನು

ಮಂಗಳೂರಿನಿಂದ ಘಟ್ಟದ ಕಡೆಗೆ ಹೊರಟ ಪ್ರವಾಸಿಗೆ ದಾರಿಯುದ್ದಕ್ಕೂ ನೇತ್ರಾವತಿಯ ಸಂಗಡ ದೊರೆಯುತ್ತದೆ. ಬಂಟ್ವಾಳವನ್ನು ದಾಟಿ ಉಪ್ಪಿನಂಗಡಿಗೆ ಬಂದರೆ ಕುಮಾರಧಾರೆಯೂ ಬಂದು ಕೂಡಿಕೊಳ್ಳುತ್ತಾಳೆ. ಮಳೆಗಾಲದಲ್ಲಿ ಎರಡು ನದಿಗಳೂ ಉಕ್ಕಿ ಸಹಸ್ರಲಿಂಗೇಶ್ವರನ ಗುಡಿಯ ಮುಂದೆಯೇ ಸಂಗಮಿಸಿದರೆ ಸುತ್ತಲಿನ ಜನರಿಗೆ ಅದೊಂದು ಪರ್ವ. ಇನ್ನೂ ಮುಂದೆ ಸಾಗಿ ಸುಬ್ರಹ್ಮಣ್ಯಕ್ಕೋ ಶಿಶಿಲಕ್ಕೋ ಹೋದ ಯಾತ್ರಿಕರು ದೇವರ ಮೀನುಗಳ ಹಿಂಡನ್ನು ಕಂಡು, ಹೊದಳು ಎರಚಿ, ಕೈಮುಗಿದು ಹಿಂದಿರುಗುತ್ತಾರೆ. ತೋಳುದ್ದದ ಆ ಮೀನುಗಳ ನಡುವೆ ಅರ್ಧ ಗೇಣಿನ ಇನ್ನೊಂದು ಮೀನು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನಮ್ಮ ನಾಡಿನ ಹೆಸರನ್ನು ಪ್ರಪಂಚಕ್ಕೆ ಒಯ್ದಿರುವುದು ಆ ಚಿಕ್ಕ ಮೀನೇ.

ಶಾಸ್ತ್ರಜ್ಞರು ಅದನ್ನು ‘ಎಟ್ರೋಪ್ಲಸ್ ಕೆನರೆನ್ಸಿಸ್’ ಎಂದು ಕರೆಯುತ್ತಾರೆ. ಮದರಾಸು ಪ್ರಾಂತದಲ್ಲಿ ಸೈನ್ಯದ ವೈದ್ಯನಾಗಿದ್ದು, ಅನಂತರ ಭಾರತದ ಮೀನುಗಾರಿಕೆಯ ಮೇಲ್ವಿಚಾರಕನಾದ ಫ್ರಾನ್ಸಿಸ್ ಡೇ ಎಂಬ ಆಂಗ್ಲನು 1877ರಲ್ಲಿ ಇದನ್ನು ಮೊದಲು ವರ್ಣಿಸಿದನು. ಪರದೇಶೀಯರ ಬಾಯಲ್ಲಿ ‘ಕನ್ನಡ’ವು ‘ಕೆನರಾ’ ಆಯಿತಷ್ಟೆ. ಆ ಕೆನರಾದ ನಿವಾಸಿ ಎಂಬುದೇ ಹೆಸರಿನ ಅರ್ಥ. ಹೆಸರು ಅನ್ವರ್ಥವೂ ಹೌದು. ನೇತ್ರಾವತಿ, ಕುಮಾರಧಾರೆಗಳ ಈ ಸೀಮೆಯೇ ಅದರ ತವರು. ಕರ್ನಾಟಕವನ್ನು ಬಿಟ್ಟರೆ ಅದಕ್ಕೆ ಬೇರೆ ನಾಡಿಲ್ಲ.

ಅದರ ರೂಪವನ್ನು ನೋಡಿಯೇ ತಿಳಿಯಬೇಕು. ಉದ್ದ ಸುಮಾರು 11 ಸೆಂಟಿಮೀಟರು. ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾದ, ಎಲೆಯಾಕಾರದ ಮೈ. ಹಳದಿ ಛಾಯೆಯ ಮೇಲೆ ಅಗಲವಾದ ಕಪ್ಪು ಪಟ್ಟೆಗಳು. ಆ ಪಟ್ಟೆಗಳ ಮೇಲೆ ಮುತ್ತು ಪೋಣಿಸಿದಂತೆ ಬಿಳಿಯ ಚುಕ್ಕೆಗಳು. ಬೆನ್ನಿನ ರೆಕ್ಕೆಯಲ್ಲಿ ಮುಳ್ಳುಗಳ ಸಾಲು. ಕೇರಳೀಯರ ಅಚ್ಚುಮೆಚ್ಚಿನ ಕರಿಮೀನು ಇದರ ದಾಯಾದಿ. ಕರಿಮೀನು ಅಳಿವೆಯ ಉಪ್ಪು ನೀರಿಗೂ ಒಗ್ಗಿಕೊಂಡಿದೆ. ನಮ್ಮ ಮೀನಾದರೋ ಸಿಹಿನೀರನ್ನು ಬಿಟ್ಟು ಕದಲದು. ಕಲ್ಲು ಹಾಸಿದ, ತಿಳಿಯಾದ ಹೊಳೆಯೇ ಅದಕ್ಕೆ ಪ್ರಿಯ.

ಈ ಕುಲದ ಸಂಸಾರಧರ್ಮವು ಮೆಚ್ಚತಕ್ಕದ್ದು. ಹೆಚ್ಚಿನ ಮೀನುಗಳು ತತ್ತಿಯಿಟ್ಟು ತಮ್ಮ ಪಾಡಿಗೆ ಹೊರಟುಹೋಗುತ್ತವೆ. ಇವು ಹಾಗಲ್ಲ. ಗಂಡು ಹೆಣ್ಣು ಜೋಡಿಗೂಡಿ, ನೀರಿನೊಳಗಿನ ಕಲ್ಲಿಗೋ ಮರದ ಬೇರಿಗೋ ತತ್ತಿಗಳನ್ನು ಅಂಟಿಸಿ, ಎರಡೂ ಸೇರಿ ಕಾಯುತ್ತವೆ. ಮರಿಗಳು ಹೊರಬಂದ ಮೇಲೂ ಬೆಂಗಾವಲಾಗಿ ತಿರುಗುತ್ತವೆ.

ವಂಶವಂತೂ ಬಹು ಪುರಾತನವಾದದ್ದು. ಇದರ ಅತಿ ಹತ್ತಿರದ ಬಂಧುಗಳು ಸಮುದ್ರದಾಚೆ, ಮಡಗಾಸ್ಕರ್ ದ್ವೀಪದ ನದಿಗಳಲ್ಲಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರೆಯಾದುವಷ್ಟೆ. ಆಗಲೇ ಈ ಕುಲವೂ ಒಡೆದು ಎರಡಾಯಿತೆಂದು ಕೆಲವು ವಿದ್ವಾಂಸರ ಮತ. ಸಮುದ್ರವನ್ನು ದಾಟಿ ಬಂದಿರಬೇಕೆಂದು ವಾದಿಸುವವರೂ ಉಂಟು.

ಇಷ್ಟು ಹಳೆಯ ಮನೆತನಕ್ಕೆ ಈಗ ಕುತ್ತು ಬಂದಿದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಹೊಳೆಯ ಮರಳನ್ನು ಬಗೆದರೆ ನೀರು ಕದಡುತ್ತದೆ. ಕಲ್ಲಿನ ಮೇಲೆ ಹೂಳು ಕುಳಿತರೆ ತತ್ತಿ ಅಂಟಿಸಲು ನೆಲೆಯೆಲ್ಲಿ? ಸಿಡಿಮದ್ದು, ವಿಷಗಳಿಂದ ಮೀನು ಹಿಡಿದರೆ ಕಾಯುವ ತಂದೆತಾಯಿಯೂ ಮರಿಯೂ ಒಟ್ಟಿಗೇ ಸಾಯುತ್ತವೆ. ಸಕಲೇಶಪುರದ ಕಡೆಯ ತೊರೆಗಳು ಕುಮಾರಧಾರೆಗೆ ಹರಿದು ಬರುತ್ತವೆ. ಅವುಗಳ ಮಳೆಗಾಲದ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಕೋಲಾರದ ಬಾಯಾರಿಕೆ ಸುಳ್ಳಲ್ಲ. ಆದರೆ ಮೀನಿಗೆ ವಲಸೆ ಹೋಗಲು ಬೇರೆ ನದಿಯಿಲ್ಲವೆಂಬುದೂ ಅಷ್ಟೇ ನಿಜ. ಆ ಲೆಕ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದೇವರ ಮೀನಿಗೆ ದೇವರ ಕಾವಲಿದೆ. ಮಡುವಿನಲ್ಲಿ ಬಲೆ ಬೀಸಬಾರದೆಂಬ ಹಿರಿಯರ ಕಟ್ಟಳೆಯು ದೊಡ್ಡ ಮೀನಿನೊಡನೆ ಅಲ್ಲಿನ ಸಣ್ಣ ಜೀವಿಗಳನ್ನೂ ಕಾಯುತ್ತದೆ. ಕಷ್ಟವೇನಿದ್ದರೂ ಕ್ಷೇತ್ರದ ಎಲ್ಲೆ ದಾಟಿದ ಮೇಲೆ.

ನೋಡುವ ಆಸೆಯುಳ್ಳವರು ಮಳೆ ನಿಂತು ನೀರು ತಿಳಿಯಾದ ಮೇಲೆ, ಪುಷ್ಯ ಮಾಘಗಳಲ್ಲಿ, ಹೋಗಬೇಕು. ಸ್ನಾನಘಟ್ಟದ ಗದ್ದಲವನ್ನು ಬಿಟ್ಟು ಮೇಲ್ಗಡೆಯ ಬಂಡೆಯೊಂದರ ಮೇಲೆ ಸದ್ದಿಲ್ಲದೆ ಕುಳಿತಿರಬೇಕು. ಸಾಬೂನನ್ನೂ ಹಳೆಯ ಬಟ್ಟೆಯನ್ನೂ ನೀರಿಗೆ ಬಿಡಬಾರದು. ಅದೃಷ್ಟವಿದ್ದರೆ ಕಲ್ಲಿನ ನೆರಳಿನಿಂದ ಪಟ್ಟೆಯ ಮೈಯೊಂದು ಹೊರಗೆ ಇಣುಕೀತು. ಅದರ ಹಿಂದೆಯೇ ಜೊತೆಗಾರನೂ ಬಂದೀತು.